ಬಿಲೆಟ್ ವೀಲ್ ಹಾಕಿದ ಟರ್ಬೋ, ಶೆಡ್ಡಿನಲ್ಲೇ ಬ್ಯಾಲೆನ್ಸ್

ವಿಎಸ್‌ಆರ್ ಮಷೀನ್ (ಕೋರನ್ನು ಭಾರೀ ವೇಗದಲ್ಲಿ ತಿರುಗಿಸಿ ಕಂಪನ ಅಳೆಯುವ ಯಂತ್ರ) ಇಲ್ಲದೆ ಟರ್ಬೋ ಕೋರ್ (ಶಾಫ್ಟ್, ವೀಲ್, ಬೇರಿಂಗ್ ಸೇರಿದ ನಡುಭಾಗ) ಬ್ಯಾಲೆನ್ಸ್ ಆಗೋದೇ ಇಲ್ಲ ಅಂದವರು ಇದನ್ನು ಓದಬೇಕು. ಹಳೇ ಸ್ವಿಫ್ಟ್ ಡಿಡಿಐಎಸ್‌ನ ಕೆಪಿ35 ಟರ್ಬೋ ಇದು. ಬಿಲೆಟ್ (ಗಟ್ಟಿ ಲೋಹದ ತುಂಡಿನಿಂದ ಕೊರೆದ) ಕಂಪ್ರೆಸರ್ ವೀಲ್ ಹಾಕಿದ ಮೇಲೆ 15,000 ಕಿ.ಮೀ. ಹತ್ತಿರ ಓಡಿದೆ, ಶಾಫ್ಟ್ ಪ್ಲೇ (ಅಲುಗಾಟ) ಹೆಚ್ಚದೆ ಹಾಗೇ ಇದೆ.

ಮೊದಲು ದುಡ್ಡಿನ ಕಥೆ. ವೀಲ್‌ಗೆ 4,500 ಆಸುಪಾಸು, ಕವರ್ ಬೋರ್ ಮಾಡಲು ಲೇಥ್‌ನವನಿಗೆ 1,200, ಬ್ಯಾಲೆನ್ಸಿಂಗ್‌ಗೆ ಒಂದು ಅಂಗಡಿಯಲ್ಲಿ 3,500. ಅವರು ವೀಲ್ ಬೇರೆ, ಶಾಫ್ಟ್ ಬೇರೆ ತಿರುಗಿಸಿ ‘ಆಯ್ತು ಸರ್’ ಅಂದರು. ಗಾಡಿಗೆ ಹಾಕಿದರೆ 2,500 ಆರ್‌ಪಿಎಂ ದಾಟುತ್ತಲೇ ಆಂಬುಲೆನ್ಸ್ ಸೈರನ್! ಬಿಚ್ಚಿದಾಗ ಜರ್ನಲ್ ಬೇರಿಂಗ್ ಹೋಗಿತ್ತು. ಕಿಟ್ಟು, ಗ್ಯಾಸ್ಕೆಟ್ಟು, ಎಣ್ಣೆ ಸೇರಿ ಮತ್ತೆ ನಾಲ್ಕು ಸಾವಿರ ಮಣ್ಣುಪಾಲು. ಇನ್ನೊಬ್ಬರು ಕಾರ್ಟ್ರಿಡ್ಜೇ, ಅಂದರೆ ಪೂರ್ತಿ ಕೋರೇ, ಬದಲಾಯಿಸಿ ಅಂದರು, 14,000.

0.1 ಗ್ರಾಂ-ಮಿ.ಮೀ. ಅನ್‌ಬ್ಯಾಲೆನ್ಸ್ 20,000 ಆರ್‌ಪಿಎಂನಲ್ಲಿ ಅರ್ಧ ನ್ಯೂಟನ್ ಎಳೆತವೂ ಅಲ್ಲ. 2 ಲಕ್ಷದಲ್ಲಿ ಅದೇ 44 ನ್ಯೂಟನ್. ಬಿಡಿಯಾಗಿ ಸರಿ ಇದ್ದದ್ದು ನಟ್ ಬಿಗಿದ ಮೇಲೂ ಸರಿ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕೇ ಜೋಡಿಸಿದ ಕೋರನ್ನೇ ತಿರುಗಿಸಿದೆ.

ರಿಗ್ ದೊಡ್ಡದೇನಲ್ಲ. ಟರ್ಬೈನ್ ಹೌಸಿಂಗನ್ನು ರಬ್ಬರ್ ಬುಶ್ ಮೇಲೆ ಕೂರಿಸಿದೆ, ಏರ್ ಕಂಪ್ರೆಸರ್‌ನಿಂದ ಗಾಳಿ, 2-3 ಬಾರ್‌ನಲ್ಲಿ ಬಿಸಿ ಎಣ್ಣೆ. ಎಣ್ಣೆ ತಣ್ಣಗಿದ್ದರೆ ರೀಡಿಂಗ್ ಒಂದೊಂದು ಸಲ ಒಂದೊಂದು ಬರುತ್ತೆ, ಇದು ಗೊತ್ತಾಗೋಕೆ ಒಂದು ಭಾನುವಾರ ಪೂರ್ತಿ ಹೋಯಿತು. ಕೋರ್‌ಗೆ 40 ರೂಪಾಯಿಯ ಪೀಜೋ (ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಬಿಲ್ಲೆ), ಅರ್ಧ ಕಪ್ಪು ಬಳಿದ ನಟ್ ಎದುರು ಆಪ್ಟಿಕಲ್ ಸೆನ್ಸರ್. ಎರಡೂ ಲ್ಯಾಪ್‌ಟಾಪ್‌ನ ಸ್ಟೀರಿಯೋ ಲೈನ್-ಇನ್‌ಗೆ, ಎಡಕ್ಕೆ ಕಂಪನ, ಬಲಕ್ಕೆ ಕೋನ. ಗಾಳಿಗೆ 45,000 ಆರ್‌ಪಿಎಂ ಮುಟ್ಟಿದಾಗ ಲ್ಯಾಪ್‌ಟಾಪ್ ತೆರೆ ಮೇಲೆ 750 ಹರ್ಟ್ಜ್ ಹತ್ತಿರ ಕಂಪನದ ಗೆರೆ ನೆಟ್ಟಗೆ ನಿಲ್ಲುತ್ತದೆ, ಎತ್ತರ ಇದ್ದಷ್ಟೂ ಕಂಪನ ಜಾಸ್ತಿ. ಪೀಜೋ ಎಲ್ಲಿ, ಯಾವುದರಿಂದ ಅಂಟಿಸಿದೆ ಅನ್ನೋದು ಮಾತ್ರ ಹೇಳಲ್ಲ. ಸುಮ್ನೆ ಮೊಬೈಲ್ ಮೈಕಲ್ಲೂ ಟ್ರೈ ಮಾಡಿದೆ, ಗಾಳಿ ಸದ್ದು ಬಿಟ್ಟರೆ ಏನೂ ಸಿಗಲ್ಲ.

ಗ್ರೈಂಡರ್ ಹಿಡಿಯೋ ಮುಂಚೆ ನಟ್ ಸಡಿಲಿಸಿ ವೀಲನ್ನು ಶಾಫ್ಟ್ ಮೇಲೆ 90 ಡಿಗ್ರಿಯಂತೆ ತಿರುಗಿಸಿ ನೋಡಿ. ನನಗೆ ಅಷ್ಟಕ್ಕೇ ಕಂಪನ ಮೂರರಲ್ಲೊಂದು ಭಾಗಕ್ಕೆ ಇಳಿಯಿತು, ಒಂದು ಚೂರೂ ಲೋಹ ತೆಗೆಯದೆ. ಬಿಗಿಯುವಾಗ ಯೂನಿವರ್ಸಲ್ ಜಾಯಿಂಟ್ ಇರುವ ಟಿ-ಹ್ಯಾಂಡಲ್ಲೇ ಬೇಕು, ಸಾದಾ ಸ್ಪ್ಯಾನರ್ ಪಕ್ಕಕ್ಕೆ ಎಳೆದು ಶಾಫ್ಟನ್ನೇ ಬಗ್ಗಿಸುತ್ತೆ. ಭಾರ ಯಾವ ಕಡೆ ಹೆಚ್ಚು ಅಂತ ಹುಡುಕಲು ತಾತ್ಕಾಲಿಕವಾಗಿ ಹಚ್ಚುವ ಟ್ರಯಲ್ ವೆಯ್ಟ್‌ಗೆ ಕ್ಲೇ ಹಚ್ಚಿದರೆ ಹಾರಿಹೋಗುತ್ತೆ. ಹೆಂಡತಿಯ ನೇಲ್ ಪಾಲಿಶ್ ಒಂದು ಹನಿ, ಚೆನ್ನಾಗಿ ಒಣಗಿಸಿದರೆ ನಿಲ್ಲುತ್ತೆ. ಆಮೇಲೆ ಕೋನ ನೋಡಿ ನಟ್ ಮೂತಿಯಲ್ಲಿ ಒಂಚೂರು ಉಜ್ಜಿದೆ, ವೀಲ್ ಹಿಂಬದಿಯಲ್ಲಿ ಇನ್ನೂ ಕಡಿಮೆ.

ಎಲ್ಲಿಗೆ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಸ್ನೇಹಿತನ ಹತ್ತಿರ ಬಿಚ್ಚದ ಕಂಪನಿ ಕಾರ್ಟ್ರಿಡ್ಜ್ ಇತ್ತು. ಅದನ್ನೇ ರಿಗ್‌ನಲ್ಲಿ ತಿರುಗಿಸಿ ಗೆರೆ ಎಷ್ಟು ಎತ್ತರ ಅಂತ ಗುರುತು ಹಾಕಿಕೊಂಡೆ. ನನ್ನದು ಅದಕ್ಕಿಂತ ಸ್ವಲ್ಪ ಕೆಳಗೇ ಬಂತು! ಸೈರನ್ ಪೂರ್ತಿ ಹೋಯಿತು. ಈಗ 90 ಪಿಎಸ್ ಗಾಡಿಯ ವಿಜಿಟಿ (ಟರ್ಬೈನ್ ಸುತ್ತಲ ರೆಕ್ಕೆಗಳ ಕೋನ ಬದಲಾಗುವ ಟರ್ಬೋ) ಕೋರ್ ಒಂದು ಬೆಂಚ್ ಮೇಲಿದೆ, ಅದಕ್ಕೆ ಈ ಹೌಸಿಂಗ್ ಕೂರಲ್ಲ, ಬೇರೆ ಅಡಾಪ್ಟರ್ ಮಾಡಿಸಬೇಕು.