ಮೆಮ್‌ಟೆಸ್ಟ್ ಪಾಸಾಯಿತು, ರೀಸ್ಟಾರ್ಟ್ ನಿಲ್ಲಲಿಲ್ಲ

ನನ್ನದು ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್. ಡಿಡಿಆರ್3 (ಹಳೇ ತಲೆಮಾರಿನ ಮೆಮೊರಿ) ಕಾಲದ್ದು, ತಪ್ಪನ್ನು ತಾನೇ ತಿದ್ದುವ ಇಸಿಸಿ ರ‍್ಯಾಮ್, ಲಿನಕ್ಸ್ ಹಾಕಿಕೊಂಡಿದ್ದೇನೆ. 3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವುದೇ ಅದರ ಕೆಲಸ. ಬೇಸಿಗೆಯಲ್ಲಿ ಅದಕ್ಕೊಂದು ಚಾಳಿ ಶುರುವಾಯಿತು. ಬೆಳಗ್ಗೆಯೆಲ್ಲ ಚೆನ್ನಾಗಿರುತ್ತಿತ್ತು. ಮಧ್ಯಾಹ್ನ ದೊಡ್ಡ ಸೀನ್ ಹಾಕಿದರೆ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ರೀಸ್ಟಾರ್ಟ್. ಕೇಳಿದವರೆಲ್ಲ "ಪವರ್ ಸಪ್ಲೈ ಹೋಗಿದೆ, ಬದಲಾಯಿಸಿ" ಎಂದರು. ಇದ್ದರೂ ಇರಬಹುದಿತ್ತು. ಆದರೆ ಲಾಗ್ ನೋಡುವುದಕ್ಕೆ ದುಡ್ಡು ಬೇಕಿಲ್ಲ ಅಲ್ವಾ? ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ತೆರೆದರೆ ಮೆಮೊರಿ ಎರರ್ ಆಯಿತು, ಸರಿಪಡಿಸಿದೆ ಎಂಬ ಸಾಲುಗಳೇ ತುಂಬಿದ್ದವು.

ರಾತ್ರಿಯಿಡೀ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿದೆ. ಒಂದೂ ತಪ್ಪಿಲ್ಲ. ಇಲ್ಲೇ ಬಹಳ ಜನ ರ‍್ಯಾಮ್ ಸರಿಯಿದೆ ಎಂದುಕೊಂಡು ಬೇರೆ ಕಡೆ ಹುಡುಕುತ್ತಾರೆ. ಇಸಿಸಿ ಮಷೀನಿನಲ್ಲಿ ಆ ಪಾಸಿಗೆ ಜಾಸ್ತಿ ಬೆಲೆಯಿಲ್ಲ. ಪ್ರತಿ 64 ಬಿಟ್ ಡೇಟಾದ ಜೊತೆ ಇನ್ನೂ 8 ಬಿಟ್ ಕಾವಲಿಗೆ ಇರುತ್ತವೆ. ಒಂದು ಬಿಟ್ ಕೆಟ್ಟರೆ ಮೆಮೊರಿ ಕಂಟ್ರೋಲರ್ ಅದನ್ನು ತಿದ್ದಿಯೇ ಕೊಡುತ್ತದೆ. ಟೆಸ್ಟ್ ಪ್ರೋಗ್ರಾಮಿಗೆ ಕಾಣುವುದು ತಿದ್ದಿದ ಡೇಟಾ ಮಾತ್ರ. ಎರಡು ಬಿಟ್ ಒಟ್ಟಿಗೆ ಕೆಟ್ಟರೆ ತಿದ್ದಲು ಆಗುವುದಿಲ್ಲ, ಸಿಸ್ಟಂ ಬಿದ್ದುಹೋಗುತ್ತದೆ. ಮಷೀನನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ಬಯಾಸ್‌ನ ಈವೆಂಟ್ ಲಾಗ್‌ನಲ್ಲಿ ರೀಸ್ಟಾರ್ಟ್ ಆದ ಹೊತ್ತಿಗೆ ಸರಿಯಾಗಿ ಅಂಥದ್ದೇ ಎಂಟ್ರಿ ಇತ್ತು.

ಆಮೇಲೆ ನೋಡಿದ್ದು ಮೆಮೊರಿ ಎರರ್ ಎಣಿಸುವ ಲಿನಕ್ಸಿನ ಎಡಾಕ್ (EDAC) ಡ್ರೈವರ್ ಕೊಡುವ ಲೆಕ್ಕ. ತಿದ್ದಿದ ಎರರ್ ಎಷ್ಟು, ತಿದ್ದಲಾಗದ್ದು ಎಷ್ಟು ಎಂದು ಮೆಮೊರಿಯ ಸ್ಟಿಕ್ ಸ್ಟಿಕ್ಕಿಗೂ ಬೇರೆ ಬೇರೆ ಸಿಗುತ್ತದೆ. ನನ್ನಲ್ಲಿ ಒಂದೇ ಜಾಗದ ಲೆಕ್ಕ ಏರುತ್ತಿತ್ತು, ಉಳಿದವೆಲ್ಲ ಸೊನ್ನೆ. ಅದು ಹೇಳುವ ಹೆಸರಿಗೂ ಬೋರ್ಡಿನ ಮೇಲೆ ಅಚ್ಚಾಗಿರುವ ಸ್ಲಾಟ್ ನಂಬರಿಗೂ ತಾಳೆಯಾಗಲಿಲ್ಲ. ಸ್ಟಿಕ್ ತೆಗೆದು, ಯಾವ ಸಾಲು ಮಾಯವಾಯಿತು ಎಂದು ನೋಡಿ ಗುರುತು ಮಾಡಿಕೊಳ್ಳಬೇಕಾಯಿತು.

ಪರೀಕ್ಷೆ ಮಾಡುವಾಗ ಕ್ಯಾಬಿನೆಟ್ ಮುಚ್ಚಿಯೇ ಇಟ್ಟೆ. ರಿಪೇರಿ ಅಂದರೆ ನಾವೆಲ್ಲ ಮೊದಲು ಬಿಚ್ಚುವುದೇ ಸೈಡ್ ಪ್ಯಾನೆಲ್. ತಣ್ಣನೆ ಗಾಳಿ ಆಡುತ್ತದೆ, ದೋಷ ಅಡಗಿ ಕೂರುತ್ತದೆ. ರ‍್ಯಾಮಿನ ಒಂದೊಂದು ಬಿಟ್ಟೂ ಪುಟ್ಟ ಕೆಪಾಸಿಟರ್‌ನಲ್ಲಿರುವ ಚಾರ್ಜ್. ಬಿಸಿಯಾದಷ್ಟೂ ಬೇಗ ಸೋರುತ್ತದೆ. ಡಿಡಿಆರ್3ರಲ್ಲಿ ಮಾಮೂಲಿಯಾಗಿ 64 ಮಿಲಿಸೆಕೆಂಡಿಗೊಮ್ಮೆ ರಿಫ್ರೆಶ್ (ಚಾರ್ಜ್ ಮತ್ತೆ ತುಂಬುವುದು) ಸಾಕು, 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡಿಗೇ ಬೇಕು. ವಯಸ್ಸಾದ, ಸೋರುವ ಸೆಲ್ (ಒಂದು ಬಿಟ್ ಇರುವ ಜಾಗ) ಇದ್ದರೆ ತಪ್ಪಾಗಲು ಅಷ್ಟು ಬಿಸಿಯೂ ಬೇಡ. ಮಧ್ಯಾಹ್ನದ ಹೊತ್ತು, ಪ್ಯಾನೆಲ್ ಮುಚ್ಚಿ, ಮಷೀನಿನ ಮೇಲೆ ಭಾರ ಹಾಕುವ ಸ್ಟ್ರೆಸ್-ಎನ್‌ಜಿ ಓಡಿಸಿದರೆ ಲೆಕ್ಕ ಸರಸರ ಏರಿತು.

ಮುಂದಿನ ಪ್ರಶ್ನೆ: ಸ್ಟಿಕ್ಕಾ, ಸ್ಲಾಟಾ? ಮೊದಲು ಅದೇ ಸ್ಟಿಕ್ಕನ್ನು ತೆಗೆದು ಅಲ್ಲೇ ಮತ್ತೆ ಕೂರಿಸಿದೆ. ಬರೀ ಕಾಂಟ್ಯಾಕ್ಟ್ ತೊಂದರೆಯಾಗಿದ್ದರೆ ಅಷ್ಟಕ್ಕೇ ಹೋಗಬೇಕಿತ್ತು, ಹೋಗಲಿಲ್ಲ. ಆಮೇಲೆ ಅದನ್ನೂ ಪಕ್ಕದ್ದನ್ನೂ ಅದಲುಬದಲು ಮಾಡಿದೆ, ಬೇರೇನೂ ಮುಟ್ಟಲಿಲ್ಲ. ಎರರ್ ಸ್ಟಿಕ್ಕಿನ ಜೊತೆಗೇ ಹೊಸ ಸ್ಲಾಟಿಗೆ ಹೋಯಿತು. ಹಳೇ ಸ್ಲಾಟಿನಲ್ಲೇ ಉಳಿದಿದ್ದರೆ ಸ್ಲಾಟಿಗೆ ಸಂಪರ್ಕ ಕೊಡುವ ಸಿಪಿಯು ಸಾಕೆಟ್ಟಿನ ಪಿನ್‌ಗಳನ್ನೂ ನೋಡಬೇಕಾಗುತ್ತಿತ್ತು, ಅದು ತಲೆನೋವಿನ ಕೆಲಸ. ಅಂದಹಾಗೆ, ರ‍್ಯಾಮಿನ ಕಾಲುಗಳನ್ನು ರಬ್ಬರಿನಿಂದ ಉಜ್ಜುವ ಅಂಗಡಿ ವಿದ್ಯೆ ನನಗೆ ಹಿಡಿಸುವುದಿಲ್ಲ. ಚಿನ್ನದ ಲೇಪ ತೀರಾ ತೆಳು. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಸಾಕು.

ಬದಲಿ ಸ್ಟಿಕ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯದೇ ಸಿಕ್ಕಿತು. ಕೊಳ್ಳುವಾಗ ಲೇಬಲ್ ಓದಲೇಬೇಕು. ಇಸಿಸಿ ಎಂದು ಬರೆದಿದ್ದರೆ ಸಾಲದು. ಇಸಿಸಿಯಲ್ಲೇ ಎರಡು ಬಗೆಯಿದೆ: ರಿಜಿಸ್ಟರ್ಡ್ ಸ್ಟಿಕ್ಕನ್ನೂ ಅನ್‌ಬಫರ್ಡ್ ಸ್ಟಿಕ್ಕನ್ನೂ ಬೆರೆಸಿದರೆ ಮಷೀನು ಬೂಟೇ ಆಗುವುದಿಲ್ಲ. ಮನೆಗೆ ತಂದು ಮತ್ತೆ ಅದೇ ಮಧ್ಯಾಹ್ನದ ಪರೀಕ್ಷೆ ಮಾಡಿದೆ. ಎಲ್ಲ ಲೆಕ್ಕವೂ ಸೊನ್ನೆಯಲ್ಲೇ ನಿಂತ ಮೇಲೆ ರೆಂಡರ್‌ಗೆ ಕೂರಿಸಿದೆ.