ಕಾರ್ನಿವಲ್ ಹೊತ್ತಿನ ವೆನಿಸ್: ವಿದ್ಯಾರ್ಥಿ ಜೇಬಿನಲ್ಲಿ ಎರಡು ದಿನ

ಫೆಬ್ರುವರಿಯ ಶನಿವಾರ ಮಧ್ಯಾಹ್ನ ಇಟಲಿಯ ವೆನಿಸ್‌ನ ಸಾನ್ ಮಾರ್ಕೊ ಚೌಕಕ್ಕೆ ಹೋದವರಿಗೆ ಕಾರ್ನಿವಲ್ ಎಂಬ ಮುಖವಾಡಗಳ ಹಬ್ಬ ಕಾಣುವುದಿಲ್ಲ, ಮುಂದೆ ನಿಂತವರ ಬೆನ್ನುಚೀಲ ಕಾಣುತ್ತದೆ. ಪಡುವಾ, ಬೊಲೊನ್ಯಾ, ಮಿಲಾನ್‌ಗಳಿಗೆ ಓದಲು ಹೋಗಿರುವ ನಮ್ಮ ಹುಡುಗ ಹುಡುಗಿಯರು ನಿಧಾನವಾಗಿ ಎದ್ದು, ತಿಂಡಿ ತಿಂದು, ರೈಲು ಹತ್ತಿದರೆ ಸರಿಯಾಗಿ ಆ ನೂಕುನುಗ್ಗಲಿನ ನಡುವೆಯೇ ಇಳಿಯುತ್ತಾರೆ. ಈ ಹಬ್ಬವನ್ನು ನೋಡಬೇಕಾದದ್ದು ಬೆಳಗಿನ ಜಾವ ಮತ್ತು ರಾತ್ರಿ. ನಡುಹಗಲನ್ನು ಬೇರೆಲ್ಲಾದರೂ ಕಳೆಯಬೇಕು. ಅದನ್ನು ಹೊಂದಿಸುವುದು ಹೇಗೆಂದು ನೋಡೋಣ.

ಮೊದಲು ದಿನ ಗೊತ್ತುಮಾಡಿ

ಕಾರ್ನಿವಲ್‌ನ ದಿನಾಂಕ ಪ್ರತಿವರ್ಷ ಬದಲಾಗುತ್ತಿರುತ್ತದೆ, ಏಕೆಂದರೆ ಅದು ಈಸ್ಟರ್‌ಗೆ ಗಂಟುಬಿದ್ದ ಹಬ್ಬ. ಈಸ್ಟರ್ ಹುಣ್ಣಿಮೆಯ ಲೆಕ್ಕದಲ್ಲಿ ಬರುತ್ತದೆ. ಅದಕ್ಕೆ 46 ದಿನ ಮೊದಲು ಬೂದಿ ಬುಧವಾರ, ಕ್ರೈಸ್ತರ ಉಪವಾಸದ ದಿನಗಳ ಆರಂಭ. ಅದರ ಹಿಂದಿನ ಮಂಗಳವಾರ ಮೋಜಿನ ಕೊನೆಯ ದಿನ. 2027ರಲ್ಲಿ ಅದು ಫೆಬ್ರುವರಿ 9ಕ್ಕೆ ಬೀಳುತ್ತದೆ. ಎಲ್ಲರೂ ಮುಗಿಬೀಳುವುದು ಕೊನೆಯ ವಾರಾಂತ್ಯಕ್ಕೆ. ನೀವು ಅದರ ಹಿಂದಿನದನ್ನು ಆರಿಸಿಕೊಳ್ಳಿ. ವೇಷಗಳಿಗೆ ಆಗಲೂ ಕೊರತೆಯಿರುವುದಿಲ್ಲ, ಹಾಸ್ಟೆಲ್ ಬಾಡಿಗೆ ಮಾತ್ರ ಇಳಿದಿರುತ್ತದೆ.

ಮಲಗುವುದು ಎಲ್ಲಿ, ಬರುವುದು ಹೇಗೆ

ದ್ವೀಪದಲ್ಲಿ ಕೋಣೆ ಹುಡುಕುವ ಸಾಹಸ ಬೇಡ. ಸೇತುವೆಯ ಈಚೆ, ಮುಖ್ಯ ಭೂಭಾಗದಲ್ಲಿರುವ ಮೆಸ್ತ್ರೆಯಲ್ಲಿ ಉಳಿದರೆ ವೆನಿಸ್‌ನ ಸಾಂತಾ ಲುಚಿಯಾ ನಿಲ್ದಾಣ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷದ ದಾರಿ. ಪಡುವಾದಲ್ಲಿ ಓದುವವರಿಗೆ ಅದೂ ಬೇಕಿಲ್ಲ, ವೇಗದ ಪ್ರಾದೇಶಿಕ ರೈಲು ಅರ್ಧ ಗಂಟೆಯೊಳಗೆ ತಲುಪಿಸುತ್ತದೆ. ಪ್ರಾದೇಶಿಕ ರೈಲಿನ ದರ ಹಬ್ಬವೆಂದು ಏರುವುದಿಲ್ಲ, ಹಾಗಾಗಿ ತಿಂಗಳ ಮೊದಲೇ ಕಾಯ್ದಿರಿಸುವ ಅಗತ್ಯವಿಲ್ಲ. ಆದರೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ಮೊಬೈಲ್ ಟಿಕೆಟ್ ಆದರೆ ಚೆಕ್-ಇನ್ ಮಾಡಬೇಕು. ಮರೆತರೆ ದಂಡ. ಜರ್ಮನಿ, ಫ್ರಾನ್ಸ್‌ಗಳಿಂದ ಬರುವವರಿಗೆ ಬೇರೆ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಮಾತ್ರ ಜೇಬಿನಲ್ಲಿರಲಿ.

ಚಕ್ರದ ಸೂಟ್‌ಕೇಸ್ ತರಬೇಡಿ. ಈ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲುಗಳು. ಉಣ್ಣೆಯ ಕಾಲುಚೀಲ, ನೀರಿಳಿಯದ ಬೂಟು ಇರಲಿ. ಸಮುದ್ರದ ಉಬ್ಬರ ತಡೆಯುವ ಮೋಸೆ ಎಂಬ ಗೇಟುಗಳು 2020ರಿಂದ ಕೆಲಸ ಮಾಡುತ್ತಿವೆ. ಆದರೂ ಅವನ್ನು ಎತ್ತದಷ್ಟು ಸಣ್ಣ ಉಬ್ಬರಕ್ಕೂ ತಗ್ಗಿನಲ್ಲಿರುವ ಸಾನ್ ಮಾರ್ಕೊ ಒದ್ದೆಯಾಗಬಹುದು.

ದೋಣಿ ಬಸ್ಸಿಗೆ ದುಡ್ಡು ಹಾಕಬೇಕೇ?

ವಾಪೊರೆತ್ತೊ ಎಂಬ ದೋಣಿ ಬಸ್ಸಿನ 75 ನಿಮಿಷದ ಒಂದು ಟಿಕೆಟ್‌ಗೆ 9.50 ಯುರೋ. ಹೌದು, ಒಂದು ಸಲಕ್ಕೆ. 29 ವರ್ಷದವರೆಗಿನವರಿಗೆ ‘ರೋಲಿಂಗ್ ವೆನಿಸ್’ ಎಂಬ 6 ಯುರೋ ಕಾರ್ಡ್ ಸಿಗುತ್ತದೆ. ಅದರ ಮೇಲೆ ಮೂರು ದಿನದ ಪಾಸ್ 27 ಯುರೋ. ನಾಲ್ಕು ಸಲ ಹತ್ತಿದರೆ ಗಿಟ್ಟುತ್ತದೆ. ಅಷ್ಟು ಹತ್ತುವುದಿಲ್ಲ ಎನ್ನುವವರು ನಡೆಯಬಹುದು: ನಿಲ್ದಾಣದಿಂದ ಸಾನ್ ಮಾರ್ಕೊಗೆ ನಲವತ್ತು ನಿಮಿಷ. ಗೋಡೆಗಳ ಮೇಲಿನ ಹಳದಿ ಫಲಕಗಳನ್ನು ಹಿಂಬಾಲಿಸಿ. ಮೊಬೈಲ್ ನಕ್ಷೆ ಈ ಓಣಿಗಳಲ್ಲಿ ಆಗಾಗ ಕೈಕೊಡುತ್ತದೆ. ಹಬ್ಬದ ಜನಸಂದಣಿಯಲ್ಲಿ ಪೊಲೀಸರು ಕಿರಿದಾದ ಓಣಿಗಳನ್ನು ನಡೆಯುವವರಿಗೇ ಏಕಮುಖ ಮಾಡಿಬಿಡುವುದುಂಟು. ಆಗ ಬಳಸು ದಾರಿಯೇ ಗತಿ.

ಶನಿವಾರ, ಏಳು ಗಂಟೆಗೆ ಮೊದಲು

ಇದೇ ಪ್ರವಾಸದ ತಿರುಳು. ಈ ದಿನಗಳಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ. ಅದಕ್ಕೂ ಮೊದಲೇ ವೇಷಧಾರಿಗಳು ಸಾನ್ ಮಾರ್ಕೊ ಎದುರಿನ ಗೊಂಡೋಲಾ ದೋಣಿಗಳನ್ನು ಕಟ್ಟುವ ಕಂಬಗಳ ಬಳಿ ಬಂದು ನಿಂತಿರುತ್ತಾರೆ. ಇವರಲ್ಲಿ ಅನೇಕರು ವೆನಿಸ್‌ನವರಲ್ಲ, ಫ್ರಾನ್ಸ್, ಜರ್ಮನಿಗಳಿಂದ ಬರುವ ಹವ್ಯಾಸಿಗಳು. ಮಾತನಾಡುವುದಿಲ್ಲ. ಕ್ಯಾಮೆರಾ ತೋರಿಸಿ ತಲೆಯಾಡಿಸಿದರೆ ಕೈಗವಸಿನ ಬೆರಳುಗಳನ್ನು ನಿಧಾನವಾಗಿ ಬಿಚ್ಚಿ, ಕುತ್ತಿಗೆ ಓರೆ ಮಾಡಿ ನಿಲ್ಲುತ್ತಾರೆ. ಹಣ ಕೇಳುವುದಿಲ್ಲ. ನೆಲಕ್ಕೆ ಹರಡಿದ ಸೆರಗನ್ನು ತುಳಿಯದಿದ್ದರೆ ಸಾಕು.

ಎಲ್ಲ ಮುಖವಾಡಗಳೂ ಹಳೆಯವಲ್ಲ. ಗರಿ, ಮಿನುಗು ತುಂಬಿದವು ಇತ್ತೀಚಿನ ಅಲಂಕಾರ. ಹಳೆಯದನ್ನು ನೋಡಬೇಕಾದರೆ ಬೌತಾ ಹುಡುಕಿ: ಕಪ್ಪು ಮೇಲುಹೊದಿಕೆ, ಮೂರು ಮೂಲೆಯ ಟೋಪಿ, ಬಿಳಿಯ ಬೋಳು ಮುಖ. ಅದರ ಮೇಲ್ದುಟಿ ಹೊರಗೆ ಚಾಚಿಕೊಂಡಿರುವುದರಿಂದ ತೆಗೆಯದೆಯೇ ಉಣ್ಣಬಹುದು, ಕುಡಿಯಬಹುದು, ದನಿಯೂ ಬದಲಾಗುತ್ತದೆ. 1638ರಲ್ಲಿ ಸರ್ಕಾರವೇ ತೆರೆದ ಜೂಜುಮನೆಗೆ ಆಡಲು ಬರುವವರು ಮುಖವಾಡ ಹಾಕಲೇಬೇಕಿತ್ತು. ಸಾಲಗಾರನೂ ಸಾಲ ಕೊಟ್ಟವನೂ ಒಂದೇ ಮೇಜಿನಲ್ಲಿ ಕೂರಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? 1797ರಲ್ಲಿ ನೆಪೋಲಿಯನ್ ಕೈಗೆ ವೆನಿಸ್ ಗಣರಾಜ್ಯ ಬಿತ್ತು, ಕಾರ್ನಿವಲ್ ಕೂಡ ಅದರೊಂದಿಗೆ ಕುಸಿಯಿತು. ಈಗ ನೀವು ನೋಡುವ ಹಬ್ಬಕ್ಕೆ ಮತ್ತೆ ಚಾಲನೆ ಸಿಕ್ಕಿದ್ದು 1979ರ ಸುಮಾರಿಗೆ.

ಮುಖವಾಡ ಕೊಳ್ಳುವುದಾದರೆ ತಿರುಗಿಸಿ ಒಳಭಾಗ ನೋಡಿ. ಕೈಯಿಂದ ಮಾಡಿದ್ದರಲ್ಲಿ ಅಂಟಿನಲ್ಲಿ ನೆನೆಸಿ ಅಚ್ಚಿಗೆ ಒತ್ತಿದ ಕಾಗದದ ಚೂರುಗಳ ಅಂಚು ಕಾಣುತ್ತದೆ, ತೂಕ ಹಗುರ. ಒಳಗೂ ನುಣ್ಣಗಿದ್ದು ಹೊಳೆದರೆ ಅದು ಕಾರ್ಖಾನೆಯ ಪ್ಲಾಸ್ಟಿಕ್. ಫೋಟೊಗೆ ಮಾತ್ರ ಬೇಕಿದ್ದರೆ ಪ್ಲಾಸ್ಟಿಕ್ಕೇ ಸಾಕು, ಅದರಲ್ಲಿ ನಾಚಿಕೆಯೇನಿಲ್ಲ. ಅರಮನೆಗಳ ನೃತ್ಯಕೂಟಗಳ ಟಿಕೆಟ್ ಕಡೆ ತಿರುಗಿಯೂ ನೋಡಬೇಡಿ, ಅದು ಸಂಬಳಗಾರರ ಆಟ.

ನಡುಹಗಲು: ಘೇಂಡಾಮೃಗದ ಮನೆ

ಹನ್ನೊಂದಕ್ಕೆ ಚೌಕ ಬಿಟ್ಟು ಹೊರಡಿ. ದೊಡ್ಡ ಕಾಲುವೆಯ ಆಚೆ ಕಾ ರೆಜ್ಜೋನಿಕೊ ವಸ್ತುಸಂಗ್ರಹಾಲಯವಿದೆ (ಮಂಗಳವಾರ ರಜೆ). ಅಲ್ಲಿ ಪಿಯೆತ್ರೊ ಲೋಂಗಿ ಬರೆದ ಚಿತ್ರವೊಂದನ್ನು ಭಾರತದವರು ತಪ್ಪಿಸಿಕೊಳ್ಳಬಾರದು. ನಮ್ಮ ನೆಲದಲ್ಲಿ ಹುಟ್ಟಿ, ಡಚ್ ಹಡಗಿನಲ್ಲಿ 1741ರಲ್ಲಿ ಯುರೋಪು ಸೇರಿದ ಕ್ಲಾರಾ ಎಂಬ ಘೇಂಡಾಮೃಗ 1751ರ ಕಾರ್ನಿವಲ್‌ನಲ್ಲಿ ವೆನಿಸ್‌ಗೆ ಪ್ರದರ್ಶನಕ್ಕೆ ಬಂದಿತ್ತು. ಚಿತ್ರದಲ್ಲಿ ಅದು ಹುಲ್ಲು ಮೇಯುತ್ತ ನಿಂತಿದೆ, ಕೊಂಬಿಲ್ಲ. ಉದುರಿದ ಕೊಂಬನ್ನು ಪಕ್ಕದವನೊಬ್ಬ ಎತ್ತಿ ಹಿಡಿದಿದ್ದಾನೆ. ಹಿಂದೆ ನಿಂತ ಹೆಂಗಸೊಬ್ಬಳ ಮುಖಕ್ಕೆ ಮೊರೆತ್ತಾ ಎಂಬ ಕಪ್ಪು ಮುಖವಾಡ. ಅದಕ್ಕೆ ದಾರವಿರುತ್ತಿರಲಿಲ್ಲ, ಒಳಗಿನ ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಿತ್ತು. ಅಂದರೆ ಧರಿಸಿದವಳು ಬಾಯಿ ಬಿಡುವಂತಿಲ್ಲ.

ಹೊಟ್ಟೆಯ ವಿಷಯ. ಕಾಫಿಯನ್ನು ಅಂಗಡಿಯ ಕೌಂಟರ್ ಬಳಿ ನಿಂತೇ ಕುಡಿಯಿರಿ, ಕುಳಿತರೆ ಬೆಲೆ ಏರುತ್ತದೆ. ಕಾರ್ನಿವಲ್ ತಿಂಡಿಗಳು ಎರಡು: ಒಣದ್ರಾಕ್ಷಿ ಹಾಕಿ ಕರಿದ ಫ್ರಿತ್ತೆಲ್ಲೆ, ಮತ್ತು ಸಕ್ಕರೆ ಪುಡಿ ಉದುರಿಸಿದ ತೆಳು ಗಲಾನಿ, ನಮ್ಮ ಚಿರೋಟಿಯ ದೂರದ ನೆಂಟ. ಸಸ್ಯಾಹಾರಿಗಳು ಗಮನಿಸಿ, ಎರಡರಲ್ಲೂ ಮೊಟ್ಟೆಯಿದೆ, ಕೆಲವೆಡೆ ಹಂದಿಯ ಕೊಬ್ಬಿನಲ್ಲಿ ಕರಿಯುವುದೂ ಉಂಟು. ಕೇಳಿಯೇ ಕೊಳ್ಳಿ. ಚೀಲದಲ್ಲಿ ಚಪಾತಿ ತಂದವರು ಸಾನ್ ಮಾರ್ಕೊದ ಮೆಟ್ಟಿಲ ಮೇಲೆ ಬಿಚ್ಚಿ ಕೂರಬೇಡಿ, ಅಲ್ಲಿ ಕೂತು ತಿನ್ನುವುದಕ್ಕೆ ದಂಡವಿದೆ. ಕುಡಿಯುವ ನೀರು ಬೀದಿ ನಲ್ಲಿಗಳಲ್ಲಿ ಉಚಿತ.

ಸಂಜೆಗೆ ಸಾಂತಾ ಮಾರ್ಗೆರೀತಾ ಚೌಕಕ್ಕೆ ಹೋಗಿ. ಅದು ವಿದ್ಯಾರ್ಥಿಗಳ ಅಡ್ಡೆ, ಅಲ್ಲಿನ ವೇಷಗಳು ಮನೆಯಲ್ಲೇ ಹೊಲಿದಂಥವು. ಒಂಬತ್ತರ ನಂತರ ಸಾನ್ ಮಾರ್ಕೊಗೆ ಮತ್ತೊಮ್ಮೆ ಹೋದರೆ ಹಗಲಿನ ಗುಂಪು ಕರಗಿರುತ್ತದೆ. ಮರಳುವ ಕೊನೆಯ ರೈಲಿನ ಹೊತ್ತನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ಮೆಸ್ತ್ರೆಗೆ ಪಿಯತ್ಸಾಲೆ ರೋಮಾದಿಂದ ಬಸ್ ಇದೆ.

ಭಾನುವಾರ

ಪಾಸ್ ಇದ್ದವರು ಬಣ್ಣದ ಮನೆಗಳ ಬುರಾನೊ ದ್ವೀಪಕ್ಕೆ ಹೋಗಬಹುದು, ದೋಣಿಯಲ್ಲಿ ಮುಕ್ಕಾಲು ಗಂಟೆ. ಇಲ್ಲದವರು ಕನ್ನಾರೆಜೊ ಭಾಗದ ಕಾಲುವೆ ದಂಡೆಗಳಲ್ಲಿ ಅಡ್ಡಾಡಲಿ. ಸಂಜೆ ಐದರ ಒಳಗೆ ಹೊರಡಿ. ರೈಲನ್ನು ಸಾಂತಾ ಲುಚಿಯಾದಲ್ಲೇ ಹತ್ತಿ. ಅದು ಅಲ್ಲಿಂದಲೇ ಹೊರಡುವುದರಿಂದ ಸೀಟು ಸಿಗುತ್ತದೆ, ಮೆಸ್ತ್ರೆಯಲ್ಲಿ ಹತ್ತಿದರೆ ಬೊಲೊನ್ಯಾದವರೆಗೂ ನಿಂತೇ ಹೋಗಬೇಕಾದೀತು.