ಅಮ್ಮನ ನಡುವಿನ ವರ್ಷಗಳು

ಅಮ್ಮ ತೊಂಬತ್ತು ದಾಟಿ ತೀರಿಕೊಂಡಳು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನೆಲ್ಲ ಕಣ್ತುಂಬ ಕಂಡ ಜೀವ. ಮನೆಯವರೆಲ್ಲ ಓದುವಂತೆ ಅವಳ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಬೇಕು ಅಂತ ನಾನು ಹೊರಟೆ. ಆದರೆ ಯಾರನ್ನು ಕೇಳಿದರೂ ಬರುತ್ತಿದ್ದದ್ದು ಮುದುಕಿಯ ಚಿತ್ರವೇ. ಬೆಳ್ಳಗಿನ ಕೂದಲು, ನಡುಗುವ ಕೈ, ಕೇಳಿದ್ದನ್ನೇ ಮತ್ತೆ ಕೇಳುವ ಮಾತು. ಮಕ್ಕಳಾದ ನಮಗೂ ಅವಳ ಕೊನೆಯ ಆಸ್ಪತ್ರೆಯ ದಿನಗಳು ಕಣ್ಣಿಗೆ ಕಟ್ಟಿದಷ್ಟು ಅವಳ ನಲವತ್ತರ ಪ್ರಾಯ ಕಟ್ಟಿರಲಿಲ್ಲ. ಅಷ್ಟು ದೊಡ್ಡ ಬಾಳನ್ನು ಕೊನೆಯ ಕೆಲವು ವರ್ಷ ನುಂಗಿ ಕೂತಿದ್ದವು. ಅದನ್ನು ಬಿಡಿಸಿಕೊಳ್ಳಲು ಏನೇನು ಮಾಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈಹಾಕಿದವರಿಗೆ ಉಪಯೋಗವಾದೀತು.

ಮೊದಲಿಗೆ ಬರೆಯಲು ಕೂರಲಿಲ್ಲ. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಅವಳು ಹುಟ್ಟಿದಾಗಿನಿಂದ ವರ್ಷಕ್ಕೊಂದು ಸಾಲು ಎಳೆದೆ. ಎಡಗಡೆ ಇಸವಿ, ಪಕ್ಕದಲ್ಲಿ ಅವಳ ವಯಸ್ಸು, ಆಮೇಲೆ ಖಾಲಿ ಜಾಗ. ಗೊತ್ತಿದ್ದದ್ದನ್ನು ಪೆನ್ಸಿಲ್ಲಿನಲ್ಲಿ ತುಂಬುತ್ತಾ ಹೋದೆ. ಅವಳ ಕಾಲದವರು ತಾರೀಖು ಹಿಡಿದು ಮಾತಾಡುವವರಲ್ಲ, ಹಾಗಾಗಿ ಊರಿಗೆಲ್ಲ ಗೊತ್ತಿದ್ದ ಸುದ್ದಿಗಳನ್ನೇ ಗೂಟ ಮಾಡಿಕೊಂಡೆ. ‘ಮಹಾಯುದ್ಧ ಮುಗೀತು ಅಂತ ಎಲ್ಲರೂ ಹೇಳುವಾಗ ನಾನು ತಮ್ಮನನ್ನು ಸೊಂಟದಲ್ಲಿ ಹೊತ್ತು ತಿರುಗ್ತಿದ್ದೆ’ ಅನ್ನುತ್ತಿದ್ದಳು. ಅಲ್ಲಿಗೆ 1945. ‘ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ ರೇಡಿಯೋದಲ್ಲಿ ಬಂದಾಗ ನೀನು ಹೊಟ್ಟೆಯಲ್ಲಿದ್ದೆ’ ಅಂದರೆ 1969ರ ಜುಲೈ. ಹ್ಯಾಲಿ ಧೂಮಕೇತು ಬಂದಾಗ ಅಕ್ಕನ ಮಗನನ್ನು ಎತ್ತಿಕೊಂಡು ಮಾಳಿಗೆಗೆ ಹೋಗಿದ್ದಳು, ಅದು 1986. ಇಂಥ ಕೆಲವು ಗೂಟ ಗಟ್ಟಿಯಾದರೆ, ‘ಅದಕ್ಕೆ ಮುಂಚೆ’, ‘ಅದಾದ ಎರಡು ವರ್ಷಕ್ಕೆ’ ಅಂತ ಉಳಿದವು ತಾವಾಗಿ ಜಾಗ ಹುಡುಕಿಕೊಳ್ಳುತ್ತವೆ.

ತುಂಬಿದ ಮೇಲೆ ಪಟ್ಟಿಯನ್ನು ನೆಲದ ಮೇಲೆ ಹಾಸಿ ನೋಡಿದೆ. ಮೇಲಿನ ಭಾಗ ತುಂಬಿತ್ತು: ಬಾಲ್ಯ, ಗೆಳತಿಯರು, ಮದುವೆ, ಮೊದಲ ಹೆರಿಗೆ. ಕೆಳಗಿನ ಭಾಗವೂ ತುಂಬಿತ್ತು: ಮೊಮ್ಮಕ್ಕಳು, ಕಣ್ಣಿನ ಆಪರೇಷನ್ನು, ಸೊಂಟದ ಮೂಳೆ ಮುರಿದದ್ದು. ಮೂವತ್ತೈದರಿಂದ ಐವತ್ತೈದರವರೆಗಿನ ಸಾಲುಗಳು ಮಾತ್ರ ಬೋಳು ಬೋಳು.

ಅದಕ್ಕೆ ಕಾರಣವಿದೆ. ವಯಸ್ಸಾದವರು ತಮ್ಮ ಬದುಕನ್ನು ನೆನೆಯುವಾಗ ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನವರೆಗಿನ ನೆನಪುಗಳೇ ಹೆಚ್ಚು ಬರುತ್ತವೆ ಅನ್ನುವುದನ್ನು ಮನಶ್ಶಾಸ್ತ್ರದವರು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಸಲ ಆಗುವ ಸಂಗತಿಗಳೆಲ್ಲ ಆಗ ನಡೆಯುತ್ತವಲ್ಲ. ಅಮ್ಮ ತಾನಾಗಿ ಹೇಳಿದ ಕತೆಗಳೆಲ್ಲ ಆ ವಯಸ್ಸಿನವು. ನಾವು ಹೇಳುವ ಕತೆಗಳು ಅವಳ ಮುಪ್ಪಿನವು. ನಡುವಿನದನ್ನು ಅವಳೂ ಹೇಳಲಿಲ್ಲ, ನಾವೂ ನೋಡಲಿಲ್ಲ. ಆಗ ನಾವು ಶಾಲೆಗೆ ಹೋಗುವ ಮಕ್ಕಳು, ಅಮ್ಮ ಅಂದರೆ ಸದಾ ಇರುವವಳು. ಫೋಟೋಗಳಲ್ಲೂ ಅಷ್ಟೇ, ಮಕ್ಕಳ ಪಟ ಬೇಕಾದಷ್ಟಿವೆ, ಆ ಮಕ್ಕಳಿಗೆ ತಲೆ ಬಾಚಿ ಕ್ಯಾಮೆರಾ ಮುಂದೆ ನಿಲ್ಲಿಸಿದವಳು ಪಟದಲ್ಲಿಲ್ಲ. ಅವಳ ಬಾಳಿನ ಅತಿ ಕಷ್ಟದ ದುಡಿಮೆ ನಡೆದದ್ದು ಆ ವರ್ಷಗಳಲ್ಲೇ. ಅವು ತುಂಬದಿದ್ದರೆ ಪುಸ್ತಕ ಬೇಡವೇ ಬೇಡ ಅನ್ನಿಸಿತು.

ತುಂಬಿಕೊಟ್ಟದ್ದು ಲೆಕ್ಕದ ಪುಸ್ತಕ. ಅಮ್ಮ ಮನೆಖರ್ಚನ್ನು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಹಳೆಯ ಟ್ರಂಕಿನ ತಳದಲ್ಲಿ ಕೆಲವು ಸಿಕ್ಕವು. ಹಾಳೆ ಮಾಗಿದ ಎಲೆಯ ಬಣ್ಣಕ್ಕೆ ತಿರುಗಿತ್ತು, ಅಕ್ಷರ ದುಂಡಗೆ, ಒತ್ತಿ ಬರೆದದ್ದು. ಓದುತ್ತಾ ಹೋದಂತೆ ಒಂದು ಸಾಲು ಕಣ್ಣಿಗೆ ಬಿತ್ತು: ‘ಕನ್ನಡಕ – ಮುಂದಿನ ತಿಂಗಳು.’ ಪುಟ ತಿರುವಿದರೆ ದೊಡ್ಡವಳ ಶಾಲೆಯ ಫೀಸು, ಸಣ್ಣವನ ಔಷಧಿ, ಅದರ ಕೆಳಗೆ ಮತ್ತೆ ‘ಕನ್ನಡಕ – ಮುಂದಿನ ತಿಂಗಳು.’ ಅದರ ಮುಂದಿನ ಪುಟದಲ್ಲೂ ಅದೇ. ವರ್ಷ ಕಳೆಯಿತು, ನೋಟುಬುಕ್ಕು ಬದಲಾಯಿತು, ಕನ್ನಡಕ ಮುಂದಿನ ತಿಂಗಳಲ್ಲೇ ಉಳಿದಿತ್ತು. ಬಹಳ ಪುಟಗಳಾದ ಮೇಲೆ ಒಂದು ಕಡೆ ಬರೀ ‘ಕನ್ನಡಕ’ ಅಂತ ಬರೆದು ಮುಂದೆ ಮೊತ್ತ ಹಾಕಿದ್ದಳು. ನಾವು ಹೋಮ್‌ವರ್ಕ್ ತೋರಿಸಿದಾಗ ಪುಸ್ತಕವನ್ನು ಕೈಚಾಚಿ ದೂರ ಹಿಡಿದು ಓದುತ್ತಿದ್ದದ್ದು ಆಗ ನೆನಪಾಯಿತು. ಆ ಪುಟಗಳನ್ನು ನಾನು ಟೈಪ್ ಮಾಡಲಿಲ್ಲ. ಹಾಗೆಯೇ ಸ್ಕ್ಯಾನ್ ಮಾಡಿ, ಅವಳ ಕೈಬರಹದಲ್ಲೇ ಪುಸ್ತಕಕ್ಕೆ ಹಾಕಿದೆ.

ಬ್ಯಾಂಕ್ ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿಯ ಮೇಲಿನ ಪೋಷಕರ ಸಹಿ, ಕಾಗದ ಪತ್ರಗಳು ಇವೆಲ್ಲ ಇದೇ ಥರ ಮಾತಾಡುತ್ತವೆ. ದಯವಿಟ್ಟು ಯಾವುದನ್ನೂ ರದ್ದಿಗೆ ಹಾಕಬೇಡಿ.

ಆಮೇಲೆ ಜನ. ಮನೆಯವರಿಗಿಂತ ಹೊರಗಿನವರು ಆ ವರ್ಷಗಳನ್ನು ಚೆನ್ನಾಗಿ ಬಲ್ಲರು. ಆಗ ಪಕ್ಕದ ಮನೆಯಲ್ಲಿದ್ದ ಅಮ್ಮನ ಗೆಳತಿಯನ್ನು ಹುಡುಕಿಕೊಂಡು ಹೋದೆ. ‘ಅಮ್ಮನ ಬಗ್ಗೆ ಹೇಳಿ’ ಅಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ತುಂಬಾ ಒಳ್ಳೆಯವರು. ಅದರಿಂದ ಏನೂ ಹುಟ್ಟುವುದಿಲ್ಲ. ಹಾಗಾಗಿ ಅವರ ಕೈಗೆ ಪೆನ್ಸಿಲ್ ಕೊಟ್ಟು, ‘ಆಗಿನ ನಮ್ಮ ಮನೆಯ ನಕ್ಷೆ ಬರೆದುಕೊಡಿ’ ಅಂದೆ. ಬಾಗಿಲು ಯಾವ ಕಡೆ, ನೀರು ಎಲ್ಲಿಂದ, ಅಮ್ಮ ಎಲ್ಲಿ ಕೂರುತ್ತಿದ್ದಳು. ಗೆರೆ ಎಳೆಯುತ್ತಾ ಹಿಂಬಾಗಿಲ ಮೆಟ್ಟಿಲಿಗೆ ಬಂದಾಗ ಅವರ ಕೈ ನಿಂತಿತು. ‘ಮಧ್ಯಾಹ್ನ ಇಲ್ಲೇ ಕೂತು ಇಂಗ್ಲಿಷ್ ಕಲೀತಿದ್ಲು, ನಿನ್ನ ಅಣ್ಣನ ಪುಸ್ತಕ ಇಟ್ಕೊಂಡು. ಯಾರಿಗೂ ಹೇಳಬೇಡ ಅಂದಿದ್ಲು’ ಅಂದರು. ಅಮ್ಮ ಇಂಗ್ಲಿಷ್ ಕಲಿಯಲು ಕೂತಿದ್ದಳು ಅನ್ನುವುದು ಅವಳ ಹೊಟ್ಟೆಯಲ್ಲಿ ಹುಟ್ಟಿದ ನಮಗ್ಯಾರಿಗೂ ಗೊತ್ತಿರಲಿಲ್ಲ.

ಇಂಥ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಳ್ಳಲೇಬೇಕು, ಮೊದಲೇ ಕೇಳಿ ಒಪ್ಪಿಗೆ ಪಡೆದು. ಫ್ಯಾನ್ ಆರಿಸಿ, ಫೋನನ್ನು ಮಡಿಸಿದ ಬಟ್ಟೆಯ ಮೇಲಿಟ್ಟರೆ ಮೇಜಿನ ಸದ್ದು ಸೇರುವುದಿಲ್ಲ. ಆಪ್‌ನಲ್ಲಿ ಅವಕಾಶವಿದ್ದರೆ ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲಾಗಿ ಉಳಿಸಿ. ದನಿಯನ್ನು ಕಾಪಿಡುವ ಸಂಗ್ರಹಾಲಯಗಳು 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟವನ್ನು ಸೂಚಿಸುತ್ತವೆ. ಎಲ್ಲಕ್ಕಿಂತ ಮುಖ್ಯ, ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಒಳ್ಳೆಯ ಮಾತು ಬಹಳ ಸಲ ಆ ಮೌನದ ಆಚೆಗಿರುತ್ತದೆ.

ಅಮ್ಮನ ಸ್ವಂತ ದನಿ ಸಿಕ್ಕಿದ್ದು ಒಂದು ಕ್ಯಾಸೆಟ್ಟಿನಲ್ಲಿ. ತಂಗಿ ಪದ್ಯ ಹೇಳುವುದನ್ನು ರೆಕಾರ್ಡ್ ಮಾಡಿದ್ದು. ಅವಳು ತಡವರಿಸಿದ ಕಡೆಯಲ್ಲೆಲ್ಲ ಹಿಂದಿನಿಂದ ಅಮ್ಮ ಮುಂದಿನ ಪದ ಎತ್ತಿಕೊಡುತ್ತಾಳೆ, ಎಳೆಯ, ಚುರುಕಾದ ದನಿಯಲ್ಲಿ. ಹಳೆಯ ಕ್ಯಾಸೆಟ್ ಸಿಕ್ಕ ತಕ್ಷಣ ಹಾಕಿ ಕೇಳಬೇಡಿ. ಮೇಲಂಚಿನ ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದರೆ ಅಪ್ಪಿತಪ್ಪಿ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಸಡಿಲವಾದ ಟೇಪನ್ನು ಪೆನ್ಸಿಲ್ ತೂರಿಸಿ ಬಿಗಿ ಮಾಡಿ. ಟೇಪನ್ನು ಪ್ಲೇಯರಿನ ದನಿ ಓದುವ ಹೆಡ್ಡಿಗೆ ಒತ್ತುವ ಒಳಗಿನ ಪುಟ್ಟ ಮೆತ್ತೆ ಅಂಟು ಬಿಟ್ಟಿದೆಯೇ ನೋಡಿ. ಬಿಟ್ಟಿದ್ದರೆ ದನಿ ಮಂಕಾಗಿ ಕೇಳುತ್ತದೆ. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ಜೋಡಿಸಿ ಇಳಿಸಿಕೊಳ್ಳಿ.

ಫೋಟೋಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಂಟು ಹಾಳೆಯ ಆಲ್ಬಮ್ಮುಗಳು ಪಟವನ್ನು ಹಾಳು ಮಾಡುತ್ತವೆ. ಕೀಳಲು ಹೋದರೆ ಹರಿಯುತ್ತದೆ. ಮೊದಲು ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ, ಆಮೇಲೆ ಹಲ್ಲಿನ ಸಂದು ಶುಚಿಮಾಡಲು ಬಳಸುವ ಫ್ಲಾಸ್ ದಾರವನ್ನು ಅಡಿಯಲ್ಲಿ ನಿಧಾನವಾಗಿ ಎಳೆದು ಬಿಡಿಸಿ. ಸಣ್ಣ ಪಟಗಳ ಸ್ಕ್ಯಾನಿಗೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು. ಹೆಸರುಗಳನ್ನು ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ, ಬಾಲ್‌ಪೆನ್ ಬೇಡ.

ಬರೆಯುವಾಗ ಅತಿ ಕಷ್ಟವಾದದ್ದು ಅಮ್ಮ ಮತ್ತು ಅಜ್ಜಿಯನ್ನು ಒಂದೇ ಪುಸ್ತಕದಲ್ಲಿ ಕೂರಿಸುವುದು. ನಾನು ಕಂಡ ಅಮ್ಮ ಶಿಸ್ತಿನವಳು. ಸುಳ್ಳು ಹೇಳಿದರೆ ಇಡೀ ದಿನ ಮಾತು ಬಿಡುತ್ತಿದ್ದಳು. ನನ್ನ ಮಗಳು ಬರೆದುಕೊಟ್ಟ ಪುಟಗಳಲ್ಲಿರುವ ಅಜ್ಜಿ, ಮೊಮ್ಮಗಳು ಹೂಜಿ ಒಡೆದಾಗ ‘ನಾನೇ ಒಡೆದೆ’ ಅಂತ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡವಳು. ನನ್ನ ತಮ್ಮ ಎರಡನ್ನೂ ಓದಿ, ‘ಎರಡನ್ನೂ ಸೇರಿಸಿ ಸರಿದೂಗಿಸಿ ಬರಿ’ ಅಂದ. ನಾನು ಒಪ್ಪಲಿಲ್ಲ. ಪ್ರತಿಯೊಬ್ಬರ ಮಾತಿನ ಕೆಳಗೂ ಹೇಳಿದವರು ಅವಳಿಗೆ ಏನಾಗಬೇಕು, ಯಾವ ವಯಸ್ಸಿನ ಅವಳನ್ನು ಕಂಡವರು ಅಂತ ಬರೆದೆ. ಅವಳು ಶಾಲೆ ಬಿಟ್ಟ ಕಾರಣವನ್ನು ದೊಡ್ಡಮ್ಮ ಒಂದು ಹೇಳಿದರು, ಸೋದರಮಾವ ಇನ್ನೊಂದು. ಎರಡೂ ಪಕ್ಕಪಕ್ಕದಲ್ಲಿವೆ. ಅವಳೇ ಇಲ್ಲದಿರುವಾಗ ತೀರ್ಪು ಕೊಡಲು ನಾನ್ಯಾರು?

ಕೊನೆಯ ವರ್ಷಗಳನ್ನು ಬಿಡಲಿಲ್ಲ. ಮುಪ್ಪಿನಲ್ಲಿ ಹಳೆಯದನ್ನೇ ನೆನೆಯುವುದು ಅರಳುಮರಳಿನ ಗುರುತಲ್ಲ, ತನ್ನ ಬದುಕನ್ನು ತಾನೇ ಮತ್ತೊಮ್ಮೆ ನೋಡಿಕೊಳ್ಳುವ ಸಹಜ ಕ್ರಿಯೆ ಅಂತ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಅದನ್ನು ಓದಿದ ಮೇಲೆ, ಸಂಜೆಯಾದರೆ ಅವಳು ಮತ್ತೆ ಮತ್ತೆ ಹೇಳುತ್ತಿದ್ದ ತನ್ನ ತಮ್ಮನ ಕತೆಯನ್ನು ನಾನು ಬೇರೆಯೇ ಕಿವಿಯಿಂದ ನೆನೆದುಕೊಂಡೆ. ಅದಕ್ಕೂ ಪುಟ ಕೊಟ್ಟಿದ್ದೇನೆ. ಆದರೆ ವರ್ಷಕ್ಕೆ ತಕ್ಕಷ್ಟು ಮಾತ್ರ, ಹಾಸಿಗೆ ಹಿಡಿದ ದಿನಗಳು ದುಡಿದ ವರ್ಷಗಳಿಗಿಂತ ಹೆಚ್ಚು ಜಾಗ ತಿನ್ನದ ಹಾಗೆ.

ಪುಸ್ತಕವನ್ನು ಮಕ್ಕಳೆಲ್ಲರ ಮನೆಗೂ ಕೊಟ್ಟಿದ್ದೇವೆ. ಫೈಲುಗಳ ಮೂರು ಪ್ರತಿ ಇವೆ: ನನ್ನ ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿರುವ ಅಣ್ಣನ ಮನೆಯಲ್ಲಿ ಒಂದು. ಓದಿದ ಮೇಲೆ ಅತ್ತೆ ಫೋನ್ ಮಾಡಿ, ‘ನನ್ನನ್ನು ಯಾವಾಗ ಕೇಳ್ತೀಯಾ?’ ಅಂದರು. ಅವರಿಗೆ ಎಂಬತ್ತು ದಾಟಿದೆ. ಹೋದ ವಾರ ಅವರ ಎದುರು ಪಟ್ಟಿ ಹಾಸಿ ಕೂತೆವು, ನಲವತ್ತರ ವಯಸ್ಸಿನ ಸಾಲಿನಿಂದಲೇ ಶುರುಮಾಡಿದ್ದೇವೆ.